ಹಸಿರು ನೋಡಿ ಮನೆ ಹಿಡಿಯಬೇಡ

ತಮ್ಮಾ, ಅಕ್ಕ ಅಂತ ಬರೆದಿದ್ದೀಯ, ಹಾಗಾಗಿ ನಾನೂ ಸಲಿಗೆಯಿಂದ ನೀನು ಅಂತಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು: ಏಪ್ರಿಲ್‌ನಲ್ಲಿ ಬರ್ಲಿನ್‌ನಲ್ಲಿ ಕೆಲಸ ಶುರು, ಸುಂಟಿಕೊಪ್ಪದ ತೋಟದಮನೆಯಿಂದ ನಿನ್ನ ನಾಯಿ ಕೆಂಚನನ್ನೂ ಕರೆತರಬೇಕು, ಕಾರು ಬೇಡ, ನಡೆದೇ ಎಲ್ಲ ಆಗಬೇಕು, ಮನೆ ಹತ್ತಿರ ಹಸಿರಿರಬೇಕು. ಎರಡು ಮನೆ ನೋಡಿಟ್ಟಿದ್ದೀಯ, ಒಂದು ಕ್ಲಾಡೋದಲ್ಲಿ, ಇನ್ನೊಂದು ನೊಯ್‌ಕೋಲ್ನ್‌ನ ಶಿಲ್ಲರ್‌ಕೀಟ್ಸ್‌ನಲ್ಲಿ. ಕ್ಲಾಡೋದ ಫೋಟೋ ನೋಡಿ "ಅಕ್ಕಾ, ಥೇಟ್ ನಮ್ಮೂರು" ಅಂದಿದ್ದೀಯ.

ಅಲ್ಲೇ ಇರೋದು ತೊಂದರೆ. ನಾನೂ ಥೇಟ್ ನಮ್ಮೂರು ಅಂದುಕೊಂಡೇ ಅಲ್ಲಿ ಎರಡು ವರ್ಷ ಇದ್ದೆ.

ಕ್ಲಾಡೋ ಚೆಂದ ಇದೆ, ಸುಳ್ಳು ಹೇಳಲ್ಲ. ಹಾಫೆಲ್ ನದಿಯ ಆಚೆ ದಡ, ಎತ್ತರದ ಮರಗಳು, ಬೆಳಿಗ್ಗೆ ನೀರಿನ ಮೇಲೆ ಮಂಜು. ಎದುರು ದಡದ ವಾನ್‌ಜೇಗೆ ಗಂಟೆಗೊಂದು ದೋಣಿ ಇದೆ, ಬಸ್ಸಿನ ಟಿಕೆಟಿನಲ್ಲೇ ಇಪ್ಪತ್ತು ನಿಮಿಷದ ಪ್ರಯಾಣ. ಊರಿಂದ ಬಂದವರನ್ನೆಲ್ಲ ಆ ದೋಣಿ ಹತ್ತಿಸಿ ನಾನೇ ಜಂಬ ಕೊಚ್ಚಿಕೊಂಡಿದ್ದೇನೆ. ಆದರೆ ಅಲ್ಲಿಗೆ ರೈಲಿಲ್ಲ. ಕೆಲಸ ಮುಗಿಸಿ ರೈಲು, ಆಮೇಲೆ ಬಸ್ಸು, ಆಮೇಲೆ ಕತ್ತಲಲ್ಲಿ ಹದಿನೈದು ನಿಮಿಷ ಕಾಲ್ನಡಿಗೆ. ಮನೆ ಮುಟ್ಟುವಾಗ ಏಳೂವರೆ. ಅಷ್ಟು ಹೊತ್ತು ಬಾಗಿಲ ಸಂದಿಗೆ ಮೂಗಿಟ್ಟುಕೊಂಡು ಕೂತ ನಾಯಿಗೆ ಹೊರಗಿನ ಕಾಡು ಇದ್ದರೇನು, ಇಲ್ಲದಿದ್ದರೇನು?

ನಾವು ಕೊಡಗಿನವರು ಇದರಲ್ಲಿ ಸುಲಭವಾಗಿ ಏಮಾರುತ್ತೇವೆ. ನಾಪೋಕ್ಲಿನ ನನ್ನ ತವರಿನಲ್ಲೂ ಪಕ್ಕದ ಮನೆಗೆ ಅರ್ಧ ಮೈಲಿ, ಸಕ್ಕರೆ ಮುಗಿದರೆ ಜೀಪು ತೆಗೆಯಬೇಕು. ಆದರೂ ಒಂಟಿ ಅನಿಸುತ್ತಿರಲಿಲ್ಲ. ಕಾಫಿ ಕುಯ್ಲಿನವರು, ಹಾಲಿನವರು, ಮೆಣಸಿನ ದರ ಕೇಳಿಕೊಂಡು ಬರುವ ಚಿಕ್ಕಪ್ಪ, ಒಬ್ಬರಲ್ಲ ಒಬ್ಬರು ಅಂಗಳಕ್ಕೆ ಬಂದೇ ಬರುತ್ತಿದ್ದರು. ಇಲ್ಲಿ ಕರೆಯದೆ ಯಾರೂ ಬರಲ್ಲ. ನೀನೇ ಬೀದಿಗಿಳಿಯಬೇಕು, ಇಳಿದರೆ ಬೀದಿಯಲ್ಲಿ ಜನ ಇರಬೇಕು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. "ಕಕ್ಕಡದ, ಅಂದರೆ ಆಷಾಢದ, ಮಳೆ ಕಂಡವನು ನಾನು, ಇದೇನು ಮಹಾ" ಅನ್ನಬೇಡ. ಮಳೆಯದ್ದಾದರೂ ಒಂದು ಸದ್ದು ಇರುತ್ತದೆ.

ಬರ್ಲಿನ್‌ನವರು 'ಕೀಟ್ಸ್' ಅನ್ನುವುದು ನಮ್ಮ ಕೇರಿಗೆ ಹತ್ತಿರದ ಮಾತು. ಬ್ರೆಡ್ಡಿನ ಅಂಗಡಿ, ಔಷಧಿ ಅಂಗಡಿ, ತರಕಾರಿ, ರೈಲು ನಿಲ್ದಾಣ ಎಲ್ಲ ಕಾಲಳತೆಯಲ್ಲಿರುವ ನಾಲ್ಕಾರು ಬೀದಿ. ಮೊದಲು ಅಂಥದ್ದು ಹುಡುಕು, ಹಸಿರು ಆಮೇಲೆ. ಈ ಊರಿನಲ್ಲಿ ಹಸಿರಿಗೆ ಬರ ಇಲ್ಲ.

ಈಗ ಶಿಲ್ಲರ್‌ಕೀಟ್ಸ್‌ಗೆ ಬರುತ್ತೇನೆ. ಅದರ ಹಿತ್ತಲೇ ಟೆಂಪಲ್‌ಹೋಫ್ ಮೈದಾನ. 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣವನ್ನು 2010ರಲ್ಲಿ ಜನರಿಗೆ ಬಿಟ್ಟರು. ಸುಮಾರು 300 ಹೆಕ್ಟೇರ್. ಒಂದು ಪಕ್ಕ ಮನೆ ಕಟ್ಟುತ್ತೇವೆ ಅಂತ ಸರ್ಕಾರ ಹೊರಟಾಗ 2014ರಲ್ಲಿ ಊರವರು ಮತ ಹಾಕಿ ಬೇಡ ಅಂದರು. ರನ್‌ವೇ ಮೇಲೆ ಸೈಕಲ್ಲು, ಗಾಳಿಪಟ, ನಾಯಿಗಳನ್ನು ಬಿಚ್ಚಿ ಬಿಡಲು ಬೇಲಿ ಹಾಕಿದ ಜಾಗಗಳು. ಉಳಿದ ಕಡೆ ಹಗ್ಗ ಕಡ್ಡಾಯ. ಆದರೆ ಮನೆ ತೋರಿಸುವವರು ಹೇಳದ ಒಂದು ಮಾತಿದೆ: ಕತ್ತಲಾಗುತ್ತಲೇ ಮೈದಾನದ ಗೇಟು ಹಾಕುತ್ತಾರೆ. ಚಳಿಗಾಲದಲ್ಲಿ ನೀನು ಆಫೀಸಿನಿಂದ ಬರುವಷ್ಟರಲ್ಲಿ ಅಲ್ಲಿ ಬೀಗ. ಮರವೂ ಇಲ್ಲ, ಜನವರಿಯ ಗಾಳಿ ಕಿವಿ ಕತ್ತರಿಸುತ್ತದೆ. ನಿನಗೆ ದಿನಾ ಆಗಿಬರುವುದು ಅಲ್ಲಿಂದ ಸ್ವಲ್ಪ ಉತ್ತರಕ್ಕಿರುವ ಹಾಜನ್‌ಹೈಡೆ. ಅದಕ್ಕೆ ರಾತ್ರಿ ಬೀಗವಿಲ್ಲ, ಒಳಗೆ ನಾಯಿಗಳಿಗೆಂದೇ ಬಿಟ್ಟ ಜಾಗ ಇದೆ. ಪೊದೆಗಳ ಕಡೆ ಮಾತ್ರ ಬಿಡಬೇಡ, ಅಲ್ಲಿ ಗಾಂಜಾ ಮಾರುವವರ ಓಡಾಟ, ಕೆಂಚ ಏನು ಬಾಯಿಗೆ ಹಾಕಿಕೊಂಡ ಅಂತ ಗೊತ್ತೂ ಆಗಲ್ಲ.

ನಾನೀಗ ಇರುವುದು ಹಾಜನ್‌ಹೈಡೆಯ ಇನ್ನೊಂದು ಮಗ್ಗುಲಲ್ಲಿ, ಗ್ರೇಫೆಕೀಟ್ಸ್‌ನಲ್ಲಿ. ಈ ಕಡೆ ಪಾರ್ಕು, ಆ ಕಡೆ ಲಾಂಡ್‌ವೇರ್ ಕಾಲುವೆ, ನಡುವೆ ಬೀದಿಗಳು. ಮಂಗಳವಾರ ಮತ್ತು ಶುಕ್ರವಾರ ಕಾಲುವೆಯ ದಂಡೆಯಲ್ಲಿ ಟರ್ಕಿಯವರ ಸಂತೆ. ಗೋಣಿಕೊಪ್ಪದ ಸಂತೆಯ ಹಾಗೆ ಸಾಯಂಕಾಲ ದರ ಇಳಿಸಿ ಕೂಗುತ್ತಾರೆ. ಬಾಡಿಗೆ ಜಾಸ್ತಿ, ಮನೆ ಸಣ್ಣದು. ಅದಕ್ಕೆ ನನ್ನ ಬೇಸರವಿಲ್ಲ. ಬೇಸರ ಇರುವುದು ಮೆಟ್ಟಿಲಿಗೆ. ನಾಲ್ಕನೇ ಮಹಡಿ, ಲಿಫ್ಟಿಲ್ಲ. ಹಳೇ ಕಟ್ಟಡಗಳಲ್ಲಿ ಇದೇ ಪಾಡು. ಇಲ್ಲಿನ ಪ್ರಾಣಿಗಳ ಆಶ್ರಯಧಾಮದಿಂದ ತಂದ ನನ್ನ ಮುದಿ ನಾಯಿಗೆ ಹೋದ ವರ್ಷ ಸೊಂಟ ಹಿಡಿಯಿತು. ಹದಿನೆಂಟು ಕಿಲೋ, ದಿನಕ್ಕೆ ಮೂರು ಸಲ, ಕಾಫಿ ಮೂಟೆಯ ಹಾಗೆ ಹೆಗಲ ಮೇಲೆ. ಕೆಂಚನಿಗೆ ಮೂರೇ ವರ್ಷ ಅಂತ ಮೈಮರೆಯಬೇಡ, ನೆಲಮಹಡಿ ಅಥವಾ ಒಂದನೆಯದು ಸಿಕ್ಕರೆ ಹಿಡಿ.

ಕೆಂಚನ ಬಗ್ಗೆ ನನಗಿರುವ ನಿಜವಾದ ಚಿಂತೆ ಬೊಗಳುವುದು. ತೋಟಕ್ಕೆ ಆನೆ ನುಗ್ಗಿದಾಗ ಮೊದಲು ಎಬ್ಬಿಸಿದವನು ಅವನೇ ಅಂತ ಹೆಮ್ಮೆಯಿಂದ ಬರೆದಿದ್ದೀಯ. ಇಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿಲ್ಲ, ಭಾನುವಾರ ಇಡೀ ದಿನ ಹಾಗೇ. ಅಂಗಳಕ್ಕೆ ಸುತ್ತ ನಾಲ್ಕು ಕಡೆಯ ಕಿಟಕಿ, ಒಂದು ಬೊಗಳು ಹತ್ತಾಗಿ ಕೇಳುತ್ತದೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಎದ್ದು ನಿಲ್ಲುವ ಅಭ್ಯಾಸ ಈಗಿನಿಂದಲೇ ಬಿಡಿಸು. ಬೀದಿಗೆ ಮುಖವಿರುವ ಮನೆಗಿಂತ ಹಿಂದಿನ ಅಂಗಳದ ಮನೆ ಅವನಿಗೆ ಒಳ್ಳೆಯದು, ಕಾಣುವ ಓಡಾಟ ಕಡಿಮೆ.

ಹೊಸವರ್ಷದ ರಾತ್ರಿ ಇನ್ನೊಂದು ಕಥೆ. ನಮ್ಮ ಸುಗ್ಗಿಹಬ್ಬ ಹುತ್ತರಿಯಲ್ಲಿ ಹಾರಿಸುವ ಕೋವಿಯ ಸದ್ದಿಗೆ ಒಗ್ಗಿದ ನಾಯಿಯೂ ಈ ಪಟಾಕಿಗೆ ಮಂಚದ ಕೆಳಗೆ ಸೇರುತ್ತದೆ. ಮರುದಿನ ಫುಟ್‌ಪಾತ್ ತುಂಬ ಬಾಟಲಿ ಚೂರು. ನನ್ನದರ ಪಾದ ಕುಯ್ದುಕೊಂಡದ್ದು ಜನವರಿ ಒಂದರಂದೇ, ಮೂರು ಹೊಲಿಗೆ. ಹಿಮ ಬಿದ್ದಾಗ ಉಪ್ಪು ಹಾಕಲು ಮನೆಯವರಿಗೆ ಅನುಮತಿ ಇಲ್ಲ, ಸಣ್ಣ ಜಲ್ಲಿ ಚೆಲ್ಲುತ್ತಾರೆ, ಅದು ಬೆರಳ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಬಾಗಿಲ ಬಳಿ ಒಂದು ಬಟ್ಟೆ ಇಟ್ಟುಕೊಂಡು ಬಂದ ಕೂಡಲೇ ಒರೆಸು.

ಕಾಡಿನ ಆಸೆ ಇದ್ದರೆ ಭಾನುವಾರ ರೈಲು ಹತ್ತಿ ಗ್ರೂನೆವಾಲ್ಡ್‌ಗೆ ಹೋಗು, ಅಲ್ಲಿ ಕೆರೆಯ ಸುತ್ತ ನಾಯಿಗಳನ್ನು ಬಿಡಬಹುದು. ಆದರೆ ಕಾಡುಹಂದಿ ಇವೆ, ಸುಂಟಿಕೊಪ್ಪದ ನಾಯಿಗೆ ಹಂದಿಯ ವಾಸನೆ ಬಡಿದರೆ ಏನಾಗುತ್ತದೆ ಅಂತ ನಾನು ನಿನಗೆ ಹೇಳಬೇಕಿಲ್ಲ. 2020ರಲ್ಲಿ ಅಲ್ಲಿನ ಕೆರೆಯೊಂದರಲ್ಲಿ ಈಜಲು ಬಂದಿದ್ದವನ ಲ್ಯಾಪ್‌ಟಾಪ್ ಚೀಲವನ್ನು ಹಂದಿ ಕಚ್ಚಿಕೊಂಡು ಓಡಿ, ಅವನು ಬತ್ತಲೆ ಬೆನ್ನಟ್ಟಿದ ಫೋಟೋ ಲೋಕವೆಲ್ಲ ಸುತ್ತಿತ್ತು.

ಮನೆ ಮಾಲೀಕರು ನಾಯಿ, ಬೆಕ್ಕು ಯಾವುದೂ ಕೂಡದು ಅಂತ ಸಾರಾಸಗಟಾಗಿ ಕರಾರಿನಲ್ಲಿ ಬರೆಯುವಂತಿಲ್ಲ, 2013ರಲ್ಲಿ ಇಲ್ಲಿನ ಸರ್ವೋಚ್ಚ ನ್ಯಾಯಾಲಯ ಹಾಗೆ ಹೇಳಿದೆ. ಆದರೆ ಒಂದು ಮನೆಗೆ ನೂರಾರು ಅರ್ಜಿ ಬರುವಾಗ ಆ ತೀರ್ಪು ಹಿಡಿದು ನೀನೇನು ಮಾಡುತ್ತೀಯ? ಅರ್ಜಿಯ ಜೊತೆ ಕೆಂಚನ ಒಂದು ಸಾಧು ಫೋಟೋ ಮತ್ತು ವಿಮೆಯ ಕಾಗದ ಇಡು. ನಾಯಿ ಯಾರಿಗಾದರೂ ಮಾಡಿದ ಹಾನಿಗೆ ಹಣ ಕಟ್ಟಿಕೊಡುವ ಈ ವಿಮೆ ಬರ್ಲಿನ್‌ನಲ್ಲಿ ಹೇಗೂ ಕಡ್ಡಾಯ. ನಾಯಿ ತೆರಿಗೆ ವರ್ಷಕ್ಕೆ 120 ಯೂರೋ.

ಮುಖ್ಯವಾದದ್ದು ಕೊನೆಗೆ ಉಳಿಯಿತು. ಈಗ ಅಕ್ಟೋಬರ್, ಇನ್ನು ತಡ ಮಾಡಿದರೆ ಏಪ್ರಿಲ್ ತಪ್ಪುತ್ತದೆ. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗೆ ಮುಂಚೆ ಹಾಕಿಸಿದ್ದು ಲೆಕ್ಕಕ್ಕಿಲ್ಲ. ಲಸಿಕೆ ಹಾಕಿ 30 ದಿನ ಕಳೆದ ಮೇಲೆ, ಅದು ಹಿಡಿದಿದೆಯೇ ಅಂತ ನೋಡಲು ರಕ್ತ ತೆಗೆದು ಯುರೋಪಿನವರು ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಭಾರತದಿಂದ ಬರುವ ನಾಯಿಗೆ ಇದರಲ್ಲಿ ರಿಯಾಯಿತಿ ಇಲ್ಲ.

ಅಷ್ಟರಲ್ಲಿ ಕೊರಳಪಟ್ಟಿ, ಹಗ್ಗ, ಬಾಯಿಕುಕ್ಕೆ ಅಭ್ಯಾಸ ಮಾಡಿಸು. ರೈಲಿನಲ್ಲಿ ಕುಕ್ಕೆ ಬೇಕು ಅಂತ ನಿಯಮ. ಒಳಗೆ ಒಂದು ತುಂಡು ಹಂದಿಮಾಂಸ ಇಟ್ಟು ತೋರಿಸು, ತಾನೇ ಮೂಗು ತೂರಿಸುತ್ತಾನೆ. ಚಿಪ್ ಹಾಕಿಸಿದ ದಿನ ನನಗೆ ತಿಳಿಸು, ಟಿಕೆಟ್ ತೆಗೆಯುವ ಮುಂಚೆ ತಾರೀಕು ಕೂತು ಎಣಿಸೋಣ. ಬರುವಾಗ ದೊಡ್ಡ ಪೆಟ್ಟಿಗೆಯಲ್ಲಿ ಒಂದು ಸೀಸೆ ಕಾಚಂಪುಳಿ, ಅದೇ ನಮ್ಮ ಅಡುಗೆಯ ಕಪ್ಪು ಹುಳಿರಸ, ಹಾಕಿಕೋ. ಮುಚ್ಚಳಕ್ಕೆ ಟೇಪು ಸುತ್ತು, ಹೋದ ಸಲ ಒಬ್ಬರು ತಂದದ್ದು ಸೀರೆಗೆಲ್ಲ ಸೋರಿತ್ತು.