ಅಕ್ರಾಕ್ಕೆ ಹೊರಟ ಗದಗಿನ ತಮ್ಮನಿಗೆ

ತಮ್ಮಾ, ಘಾನಾದ ಅಕ್ರಾದಲ್ಲಿ ಕೆಲಸ ಸಿಕ್ಕಿದೆ, ಆದರೆ ಬುರ್ಕಿನಾ ಫಾಸೊ, ನೈಜರ್‌ನಲ್ಲಿ ಸೈನ್ಯ ಅಧಿಕಾರ ಹಿಡಿದ ಸುದ್ದಿ ಕೇಳಿ ಗದಗಿನಲ್ಲಿ ಅವ್ವ ಹೆದರಿದ್ದಾರೆ ಅಂತ ಬರೆದಿದ್ದೀಯ. ಧೈರ್ಯವಾಗಿ ಬಾ. 1992ರ ಸಂವಿಧಾನ ಬಂದ ಮೇಲೆ ಇಲ್ಲಿ ಸೈನ್ಯ ಕುರ್ಚಿಗೆ ಬಂದಿಲ್ಲ. ಸೋತವರು ಇಳಿಯುತ್ತಾರೆ.

ಆದರೆ ಇಲ್ಲಿಗೆ ಬಂದ ಮೇಲೆ ಎಕೋವಾಸ್ ಸುದ್ದಿ ನೋಡುತ್ತಿರು. ಪಶ್ಚಿಮ ಆಫ್ರಿಕಾದ ದೇಶಗಳು 1975ರಲ್ಲಿ ವ್ಯಾಪಾರಕ್ಕೆ ಅಂತ ಕಟ್ಟಿಕೊಂಡ ಒಕ್ಕೂಟ ಅದು. ನೆರೆಯಲ್ಲಿ ಜಗಳ ಎದ್ದರೆ ಬಗೆಹರಿಸಲು ಮುಂದೆ ಬರುವುದೂ ಅದೇ. 2003ರಲ್ಲಿ ಲೈಬೀರಿಯಾ ಯುದ್ಧ ನಿಲ್ಲಿಸಿದ ಒಪ್ಪಂದ ಆಗಿದ್ದು ಅಕ್ರಾದಲ್ಲೇ. ಮಾತುಕತೆ ಎಳೆದಾಡಿದಾಗ ಶಾಂತಿಗಾಗಿ ಹೋರಾಡುತ್ತಿದ್ದ ಲೇಮಾ ಬೊವೀ ಮತ್ತು ಅವರ ಜೊತೆಗಿದ್ದ ಲೈಬೀರಿಯಾದ ಹೆಂಗಸರು ಸಭೆಯ ಬಾಗಿಲಿಗೆ ಅಡ್ಡ ಕೂತುಬಿಟ್ಟರು. ಇತ್ಯರ್ಥವಾಗದೆ ಯಾರೂ ಹೊರಗೆ ಹೋಗುವ ಹಾಗಿಲ್ಲ ಅಂದರು! ಮುಂದೆ ಅದೇ ದೇಶದ ಅಧ್ಯಕ್ಷೆಯಾದ ಎಲೆನ್ ಜಾನ್ಸನ್ ಸರ್ಲೀಫ್, 2016ರ ಡಿಸೆಂಬರ್‌ನಲ್ಲಿ ಎಕೋವಾಸ್ ಪರವಾಗಿ ಗ್ಯಾಂಬಿಯಾಕ್ಕೆ ಹೋದರು. ಅಲ್ಲಿನ ಅಧ್ಯಕ್ಷ ಯಾಹ್ಯಾ ಜಾಮೆ ಚುನಾವಣೆ ಸೋತರೂ ಇಳಿಯಲು ಒಪ್ಪಿರಲಿಲ್ಲ. 2017ರ ಜನವರಿಯಲ್ಲಿ ಒಕ್ಕೂಟದ ಸೈನ್ಯ ಗಡಿ ದಾಟಿತು, ಮಾತುಕತೆಯನ್ನೂ ಬಿಡಲಿಲ್ಲ. ಜಾಮೆ ದೇಶ ಬಿಟ್ಟ. ಯುದ್ಧ ತಪ್ಪಿತು. ಗೆದ್ದವರು ಯಾರು ಅನ್ನೋದು ಸ್ಪಷ್ಟವಿತ್ತು, ನೆರೆಯವರೆಲ್ಲ ಒಂದೇ ಮಾತು ಆಡಿದ್ದರು. ಅದಕ್ಕೇ ಅದು ಸಾಧ್ಯವಾಯಿತು.

ನೈಜರ್‌ನಲ್ಲಿ ಹಾಗಾಗಲಿಲ್ಲ. 2023ರ ಜುಲೈನಲ್ಲಿ ಸೈನ್ಯ ಅಧ್ಯಕ್ಷರನ್ನು ಹಿಡಿದಿಟ್ಟಿತು. ಒಕ್ಕೂಟ ಗಡಿ ಮುಚ್ಚಿಸಿತು, ನೈಜೀರಿಯಾ ಕರೆಂಟ್ ಕಡಿಯಿತು, ಸೈನ್ಯ ಕಳಿಸುವ ಬೆದರಿಕೆಯೂ ಬಂತು. ಆದರೆ ಮಾಲಿ, ಬುರ್ಕಿನಾ ಫಾಸೊ ದಂಗೆ ಮಾಡಿದವರ ಬೆನ್ನಿಗೆ ನಿಂತವು. ಆಗ ಘಾನಾಕ್ಕೆ ಉಳ್ಳಾಗಡ್ಡಿ ಜಾಸ್ತಿ ಬರುತ್ತಿದ್ದದ್ದು ನೈಜರ್‌ನಿಂದಲೇ. ಲಾರಿಗಳು ದಾರಿಯಲ್ಲೇ ನಿಂತವು, ಇಲ್ಲಿ ರೇಟು ಏರಿತು. ನಾನು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ನೋಡಿ ಬೆಳೆದವನು. ಲಾರಿಯಲ್ಲಿ ಗಡ್ಡಿ ಕೊಳೆತರೆ ಪೆಟ್ಟು ರೈತನಿಗೆ, ಹಮಾಲರಿಗೆ ಬೀಳುತ್ತದೆ, ಜನರಲ್‌ಗಲ್ಲ. 2024ರ ಫೆಬ್ರುವರಿಯಲ್ಲಿ ಆ ನಿರ್ಬಂಧ ಸಡಿಲಾಯಿತು. ಆದರೂ 2025ರ ಜನವರಿಯಲ್ಲಿ ಮೂರೂ ದೇಶಗಳು ಒಕ್ಕೂಟವನ್ನೇ ಬಿಟ್ಟವು. ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಜನರ ಊಟಕ್ಕೆ ಕೈ ಹಾಕುವ ಮೊದಲು ಇನ್ನಷ್ಟು ದಿನ ಕೂತು ಮಾತಾಡಬೇಕಿತ್ತು, ಅಲ್ವಾ?

ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು, ಅದರ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೋ. ಉತ್ತರದ ಬುರ್ಕಿನಾ ಗಡಿ ಕಡೆ ಕೆಲಸಕ್ಕೆ ಹಾಕಿದರೆ, ಒಪ್ಪುವ ಮೊದಲು ನನಗೊಂದು ಫೋನ್ ಮಾಡು. ಅವ್ವನ ಜೊತೆ ಬೇಕಾದರೆ ನಾನೇ ಮಾತಾಡುತ್ತೇನೆ.