ಪದಪ್ರಶ್ನೆ: ಡಬ್ಲ್ಯೂ–ಆರ್ ಜೋಡಿಯ ಪದಗಳು

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ. ರಾಂಗ್, ರಿಸ್ಟ್, ‘ಬರೆ’ ಎಂಬರ್ಥದ ರೈಟ್ – ಇವುಗಳ ಸ್ಪೆಲ್ಲಿಂಗಿನಲ್ಲಿ ಮೊದಲ ಡಬ್ಲ್ಯೂ ಬಿಟ್ಟೇ ಬಿಡುತ್ತಾಳೆ. ಉಚ್ಚರಿಸದ ಅಕ್ಷರ ಯಾಕೆ? ನೆನಪಿಡಲು ದಾರಿ ಉಂಟೇ?
– ಓದುಗರು, ಬದಿಯಡ್ಕ

ಉತ್ತರ: ಆ ಡಬ್ಲ್ಯೂವನ್ನು ಹಿಂದೆ ಉಚ್ಚರಿಸುತ್ತಿದ್ದರು. 17ನೇ ಶತಮಾನ ಮುಗಿಯುವ ಹೊತ್ತಿಗೆ ಅದು ಇಂಗ್ಲೆಂಡಿನ ಶಿಷ್ಟ ಮಾತಿನಿಂದ ಬಿದ್ದುಹೋಯಿತು, ಅಚ್ಚಿನಲ್ಲಿ ಉಳಿಯಿತು.

ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸುವ ಬದಲು ಹಳೆಯ ಅರ್ಥ ಹೇಳಿಕೊಡಿ. ಈ ಜೋಡಿಯ ಬಹಳಷ್ಟು ಪದಗಳ ಬೇರಿನಲ್ಲಿ ‘ತಿರುಚು’ ಎಂಬ ಅರ್ಥ ಇದೆ. ರಿಂಗ್ ಎಂದರೆ ಬಟ್ಟೆ ಹಿಂಡುವುದು. ರೆಂಚ್ ಎಂದರೆ ತಿರುಚಿ ಎಳೆಯುವುದು. ನಟ್ಟು ತಿರುಗಿಸುವ ಉಪಕರಣಕ್ಕೂ ಅದೇ ಹೆಸರು. ರಿಸ್ಟ್ ಕೈ ತಿರುಗುವ ಕೀಲು. ರೀತ್ ಸುತ್ತಿ ಹೆಣೆದ ಹೂಹಾರ. ರಾಂಗ್ ಪದಕ್ಕೆ ಮೊದಲಿದ್ದ ಅರ್ಥ ಡೊಂಕು. ‘ಸರಿ’ ಎನ್ನುವ ರೈಟ್‌ಗೆ ಹಳೆಯ ಅರ್ಥ ನೇರ, ಅದಕ್ಕೆ ಡಬ್ಲ್ಯೂ ಇಲ್ಲ. ಡೊಂಕಿಗೆ ಡಬ್ಲ್ಯೂ, ನೇರಕ್ಕೆ ಬೇಡ – ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು.

‘ಬರೆ’ ಎಂಬ ರೈಟ್ ಈ ಗುಂಪಿನದಲ್ಲ. ಅದರ ಹಳೆಯ ಅರ್ಥ ಗೀರು, ಕೊರೆದು ರೇಖೆ ಮೂಡಿಸು. ಇದು ಕಾಸರಗೋಡಿನ ಮಕ್ಕಳಿಗೆ ಬೇಗ ಹಿಡಿಸುತ್ತದೆ: ಕನ್ನಡದಲ್ಲಿ ಬರೆ ಎಂದರೆ ಅಕ್ಷರ ಬರೆಯುವುದೂ ಹೌದು, ಮೈಮೇಲೆ ಎಳೆದ ಗೆರೆಯೂ ಹೌದು, ಮಲಯಾಳದ ‘ವರ’ ಕೂಡ ಗೆರೆಯೇ. ಓಲೆಗರಿಯ ಮೇಲೆ ಕಂಟದಿಂದ, ಅಂದರೆ ಕಬ್ಬಿಣದ ಮೊನೆಯ ಲೇಖನಿಯಿಂದ, ಕೊರೆದೇ ಬರೆಯುತ್ತಿದ್ದರು ಎಂದು ಸೇರಿಸಿ ಹೇಳಿ.

ಮೂರನೆಯದು ‘ಅಟ್ಟು, ಓಡಿಸು’ ಎಂಬ ಬೇರು. ರೆಚ್ ಎಂದರೆ ಈಗ ನತದೃಷ್ಟ, ಹಳೆಯ ಇಂಗ್ಲಿಷಿನಲ್ಲಿ ನಾಡಿನಿಂದ ಅಟ್ಟಿಸಿಕೊಂಡವನು. ರೆಕ್ ಮೊದಲು ಒಡೆದ ಹಡಗಲ್ಲ, ಕಡಲು ದಡಕ್ಕೆ ತಂದೆಸೆದ ಸಾಮಾನು.

ಮಕ್ಕಳು ಎಡವುವುದು ಎರಡು ಕಡೆ. ತಿರುಗುವುದಕ್ಕೆಲ್ಲ ಡಬ್ಲ್ಯೂ ಹಚ್ಚಬಾರದು: ರೋಲ್, ರೌಂಡ್, ರೊಟೇಟ್ ಪದಗಳು ಲ್ಯಾಟಿನಿನ ‘ರೋಟಾ’, ಅಂದರೆ ಚಕ್ರದಿಂದ ಬಂದವು. ಇನ್ನೊಂದು, ನಾಟಕಕಾರ ಎಂಬರ್ಥದ ಪ್ಲೇರೈಟ್. ಅಲ್ಲಿ ಕೊನೆಗಿರುವುದು ಬರೆಯುವ ರೈಟ್ ಅಲ್ಲ, ‘ಕಸುಬುದಾರ’ ಎಂಬ ಹಳೆಯ ಪದ. ಹಾಗಾಗಿ ಅದರೊಳಗೆ ಜಿ, ಎಚ್ ಬರುತ್ತವೆ. ಗಾಡಿ ಚಕ್ರ ಮಾಡುವವನು ವೀಲ್‌ರೈಟ್.

ನೋಟುಪುಸ್ತಕದಲ್ಲಿ ತಿರುಚು, ಗೀರು, ಅಟ್ಟು ಎಂದು ಮೂರು ಪುಟ ಮಾಡಿಸಿ. ಹೊಸ ಪದ ಸಿಕ್ಕಾಗ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಪದಮೂಲ ನೋಡಿ ಆಯಾ ಪುಟಕ್ಕೆ ಸೇರಿಸಲಿ. ಯಾವ ಪುಟಕ್ಕೂ ಹೊಂದದ್ದನ್ನು, ಉದಾಹರಣೆಗೆ ರೆನ್ ಎಂಬ ಪುಟ್ಟ ಹಕ್ಕಿಯನ್ನು, ಕೊನೆಯ ಪುಟದಲ್ಲಿ ಬೇರೆಯಾಗಿ ಬರೆದಿಡಲಿ.