ಸ್ಕ್ಯಾರಬ್ ದುಂಬಿಗಳ ಕುಟುಂಬ: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಗಾರಿನ ಮೊದಲ ಮಳೆ ಬಿದ್ದಾಗಿನಿಂದ ಈ ಅಂಕಣಕ್ಕೆ ದುಂಬಿಗಳ ಬಗೆಗಿನ ಪತ್ರಗಳು ಒಂದರ ಹಿಂದೊಂದು ಬಂದಿವೆ. ಹೆಚ್ಚಿನವು ಒಂದೇ ಕುಟುಂಬದ ಕೀಟಗಳಿಗೆ ಸಂಬಂಧಿಸಿರುವುದರಿಂದ ಅವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಳೆಗಾಲದ ರಾತ್ರಿ ಮನೆಯ ದೀಪಕ್ಕೆ ಕೊಂಬಿರುವ ಕಪ್ಪು ದುಂಬಿ, ಕೊಂಬಿಲ್ಲದ ಕಂದು ದುಂಬಿ, ಹೊಳೆಯುವ ಹಸಿರು ದುಂಬಿ ಎಲ್ಲವೂ ಬರುತ್ತವೆ. ಸಗಣಿಯಡಿ ಸಿಗುವ ಹುಳುವೂ ಸೇರಿ ಇವೆಲ್ಲ ‘ಸ್ಕ್ಯಾರಬ್’ ಎಂಬ ಒಂದೇ ಕುಟುಂಬದವು ಎಂದು ಮಗಳ ಪುಸ್ತಕದಲ್ಲಿ ಓದಿದೆ. ಇಷ್ಟು ಬೇರೆಯಾಗಿ ಕಾಣುವವನ್ನು ಒಟ್ಟಿಗೆ ಸೇರಿಸಲು ಆಧಾರವೇನು? (ಶಿರಸಿಯ ಓದುಗರು)

ಉತ್ತರ: ಬಣ್ಣ, ಗಾತ್ರ, ಕೊಂಬು ಇವು ಯಾವುವೂ ಆಧಾರವಲ್ಲ. ದುಂಬಿಯನ್ನು ಅಂಗೈ ಮೇಲಿಟ್ಟು ಅದರ ಕುಡಿಮೀಸೆಯ ತುದಿಯನ್ನು ನೋಡಬೇಕು. ಈ ಕುಟುಂಬದಲ್ಲಿ ಮೀಸೆಯ ಕೊನೆಯ ಕೆಲವು ಗೆಣ್ಣುಗಳು, ಸಾಮಾನ್ಯವಾಗಿ ಮೂರು, ತೆಳುವಾದ ಪದರಗಳಾಗಿ ಒಂದು ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ದುಂಬಿ ಅವನ್ನು ಬೀಸಣಿಗೆಯಂತೆ ಬಿಚ್ಚಬಲ್ಲದು, ಮತ್ತೆ ಮುದ್ದೆಯಾಗಿ ಮುಚ್ಚಬಲ್ಲದು. ವಾಸನೆಯನ್ನು ಗ್ರಹಿಸುವ ಸೂಕ್ಷ್ಮ ಅಂಗಗಳು ಈ ಪದರಗಳ ಮೇಲಿರುವುದರಿಂದ ಹಾರಾಡುವಾಗ ಬಿಚ್ಚಿಕೊಳ್ಳುವುದೂ ಮಣ್ಣಿಗಿಳಿಯುವಾಗ ಮುಚ್ಚಿಕೊಳ್ಳುವುದೂ ಅದಕ್ಕೆ ಅಗತ್ಯ. ವಾಸನೆಯ ಜಾಡು ಹಿಡಿದೇ ಹೆಣ್ಣನ್ನು ಹುಡುಕಬೇಕಾದ ಕೆಲವು ಬಗೆಗಳಲ್ಲಿ ಗಂಡಿನ ಪದರಗಳು ಹೆಣ್ಣಿನವಕ್ಕಿಂತ ಎಷ್ಟೋ ಪಾಲು ಉದ್ದವಾಗಿರುತ್ತವೆ.

ಎರಡನೆಯ ಗುರುತು ಮುಂಗಾಲು. ಅಗೆಯುವುದಕ್ಕೆ ತಕ್ಕಂತೆ ಚಪ್ಪಟೆಯಾಗಿರುವ ಅದರ ಹೊರ ಅಂಚಿನಲ್ಲಿ ಹಲ್ಲುಗಳಿರುತ್ತವೆ. ಮೂರನೆಯದು ಮರಿಹುಳು. ಬಿಳಿಯ ಮೆತ್ತನೆಯ ಮೈ, ಕಂದು ತಲೆ, ಮೂರು ಜೊತೆ ಕಾಲು, ಜೀರ್ಣವಾಗುತ್ತಿರುವ ಆಹಾರ ತುಂಬಿ ಕಪ್ಪಗೆ ಊದಿಕೊಂಡ ಹಿಂಭಾಗ, ಅರ್ಧಚಂದ್ರನಂತೆ ಬಾಗಿ ಮಲಗುವ ಭಂಗಿ ಇವೆಲ್ಲ ಸೇರಿದ ಈ ರೂಪವನ್ನೇ ನಮ್ಮ ರೈತರು ಗೊಣ್ಣೆಹುಳು ಎನ್ನುತ್ತಾರೆ. ಸಗಣಿಯೊಳಗಿದ್ದರೂ ಅಡಿಕೆಯ ಬೇರಿನಲ್ಲಿದ್ದರೂ ಕೊಳೆತ ಮರದಲ್ಲಿದ್ದರೂ ಈ ರೂಪ ಹೆಚ್ಚು ಬದಲಾಗುವುದಿಲ್ಲ.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಈ ಬಗೆಯ ದುಂಬಿಗಳನ್ನು ‘ಸ್ಕ್ಯಾರಬೇಯಸ್’ ಎಂಬ ಒಂದೇ ಕುಲದಲ್ಲಿ ತುಂಬಿದ್ದ. ಪ್ರಾಚೀನ ಈಜಿಪ್ಟಿನವರು ಉದಯಸೂರ್ಯನ ದೇವತೆ ಖೆಪ್ರಿಯ ರೂಪವಾಗಿ ಕಂಡ ಸಗಣಿದುಂಬಿಗೆ ‘ಸ್ಕ್ಯಾರಬೇಯಸ್ ಸೇಸರ್’ ಎಂಬ ಹೆಸರನ್ನು ಕೊಟ್ಟವನೂ ಅವನೇ. ಫ್ರಾನ್ಸಿನ ಲಾಟ್ರೇಯ್ 1802ರಲ್ಲಿ ‘ಸ್ಕ್ಯಾರಬೀಡೇ’ ಕುಟುಂಬವನ್ನು ಸ್ಥಾಪಿಸಿದ. ಇಂದು ಈ ಕುಟುಂಬದಲ್ಲಿ ಸುಮಾರು 30,000 ಪ್ರಭೇದಗಳಿಗೆ ಹೆಸರಿಡಲಾಗಿದೆ.

ಪ್ರಶ್ನೆ: ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಲ್ಲಿಟ್ಟು ಸಾಕುತ್ತಿದ್ದ ಜೀರ್ಜಿಂಬೆಯೂ ಈ ಕುಟುಂಬದ್ದೇ? (ಚಿತ್ರದುರ್ಗದ ಓದುಗರು)

ಉತ್ತರ: ಅಲ್ಲ. ಅದು ‘ಬ್ಯುಪ್ರೆಸ್ಟಿಡೇ’ ಎಂಬ ಬೇರೆಯೇ ಕುಟುಂಬದ್ದು. ಅದರ ಮೀಸೆಯಲ್ಲಿ ಪದರಗಳಿಲ್ಲ, ಗರಗಸದಂತಹ ಹಲ್ಲುಗಳಿವೆ. ಕವಲೊಡೆದ ದೊಡ್ಡ ದವಡೆಗಳ ಸಾರಂಗದುಂಬಿ ಮಾತ್ರ ಸ್ಕ್ಯಾರಬ್‌ಗಳ ಹತ್ತಿರದ ನೆಂಟ. ಅದಕ್ಕೆ ‘ಲುಕ್ಯಾನಿಡೇ’ ಎಂಬ ಪ್ರತ್ಯೇಕ ಕುಟುಂಬವಿದ್ದರೂ ಎರಡೂ ಒಂದೇ ಅಧಿಕುಟುಂಬದೊಳಗೆ ಬರುತ್ತವೆ.

ಪ್ರಶ್ನೆ: ಮೂವತ್ತು ಸಾವಿರ ಪ್ರಭೇದಗಳನ್ನು ಒಳಗೆ ಹೇಗೆ ವಿಂಗಡಿಸುತ್ತಾರೆ? ಒಂದೊಂದು ಪುಸ್ತಕದಲ್ಲಿ ಒಂದೊಂದು ರೀತಿ ಇರುವುದೇಕೆ? (ಧಾರವಾಡದ ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ)

ಉತ್ತರ: ಮುಖ್ಯವಾದ ಆರು ಉಪಕುಟುಂಬಗಳನ್ನು ತಿಳಿದರೆ ನಮ್ಮ ಸುತ್ತ ಕಾಣುವ ಬಹುಪಾಲು ದುಂಬಿಗಳ ಜಾಗ ಸಿಕ್ಕಂತಾಗುತ್ತದೆ. ಸಗಣಿ ತಿನ್ನುವವು ಎರಡು: ನಿಜವಾದ ಸಗಣಿದುಂಬಿಗಳಾದ ‘ಸ್ಕ್ಯಾರಬೀನೇ’ ಮತ್ತು ಬಹುಪಾಲು ಸಗಣಿಯೊಳಗೇ ಬದುಕುವ, ಅಕ್ಕಿಕಾಳಿನ ಆಸುಪಾಸಿನ ಗಾತ್ರದ ‘ಅಫೋಡಿನೇ’. ಇವುಗಳ ಹಿಂಗಾಲಿನಲ್ಲಿ ಮೊಣಕಾಲಿನಿಂದ ಪಾದದವರೆಗಿನ ಭಾಗದ ತುದಿಯನ್ನು ಮಸೂರದಲ್ಲಿ ನೋಡಿದರೆ ಮೊದಲನೆಯದರಲ್ಲಿ ಒಂದು ಮುಳ್ಳು, ಎರಡನೆಯದರಲ್ಲಿ ಎರಡು ಮುಳ್ಳು ಕಾಣುತ್ತವೆ. ಉಳಿದ ನಾಲ್ಕು ಸಸ್ಯಗಳನ್ನು ಅವಲಂಬಿಸಿದವು. ರಾತ್ರಿ ಎಲೆ ತಿನ್ನುವ ಕಂದು ದುಂಬಿಗಳು ‘ಮೆಲೊಲಾಂತಿನೇ’, ಹತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಅತಿ ದೊಡ್ಡ ಗುಂಪು. ‘ರುಟೆಲಿನೇ’ ದುಂಬಿಗಳು ಹಲವೊಮ್ಮೆ ಲೋಹದ ಹೊಳಪಿನವು. ಪ್ರತಿ ಪಾದದ ಎರಡು ಉಗುರುಗಳಲ್ಲಿ ಒಂದು ದಪ್ಪ, ಒಂದು ಸಣ್ಣ ಎನ್ನುವುದು ಅವುಗಳ ಖಚಿತ ಗುರುತು. ‘ಡೈನ್ಯಾಸ್ಟಿನೇ’ಯಲ್ಲಿ ಕೊಂಬಿನ ಭಾರೀ ದುಂಬಿಗಳಿವೆ. ‘ಸಿಟೋನಿನೇ’ ಹಗಲಿನಲ್ಲಿ ಹೂವಿಗೂ ಹಣ್ಣಿಗೂ ಬರುವ ಗುಂಪು. ಬಿಳಿಜೋಳದ ತೆನೆಯ ಮೇಲೆ ಪರಾಗ ತಿನ್ನುತ್ತಾ ಕೂರುವ, ಮೈತುಂಬ ಕೂದಲಿರುವ ಹಸಿರು ‘ಕೈಲೊಲೋಬಾ ಅಕ್ಯೂಟಾ’ ಈ ಗುಂಪಿನದು. ಇವುಗಳಲ್ಲಿ ಹೆಚ್ಚಿನವು ಗಡುಸಾದ ಹೊರರೆಕ್ಕೆಗಳನ್ನು ಎತ್ತದೆ, ಅವುಗಳ ಪಕ್ಕದ ಕೊರಕಲಿನಿಂದ ಒಳರೆಕ್ಕೆಗಳನ್ನು ಹೊರಚಾಚಿ ಹಾರುತ್ತವೆ. ದುಂಬಿಗಳಲ್ಲಿ ಇಷ್ಟು ಚುರುಕಾಗಿ ಹಾರುವವು ಕಡಿಮೆ.

ಪುಸ್ತಕದಿಂದ ಪುಸ್ತಕಕ್ಕೆ ವ್ಯತ್ಯಾಸವಿರುವುದಕ್ಕೆ ಹಳೆಯ ಕಾರಣವೊಂದಿದೆ. ಜರ್ಮನಿಯ ಎರಿಕ್‌ಸನ್ 19ನೇ ಶತಮಾನದ ನಡುವಿನಲ್ಲಿ ಹೊಟ್ಟೆಯ ಮೇಲಿನ ಉಸಿರುರಂಧ್ರಗಳ ಸ್ಥಾನವನ್ನು ಆಧರಿಸಿ ಸಗಣಿ ತಿನ್ನುವವನ್ನೂ ಸಸ್ಯ ತಿನ್ನುವವನ್ನೂ ಎರಡು ಪಂಗಡಗಳಾಗಿ ಬೇರ್ಪಡಿಸಿದ. ಕಾಲಾನಂತರ ಕೆಲವರು, ಮುಖ್ಯವಾಗಿ ಯುರೋಪಿನವರು, ಮೇಲಿನ ಉಪಕುಟುಂಬಗಳಲ್ಲಿ ಹಲವನ್ನು ಸ್ವತಂತ್ರ ಕುಟುಂಬಗಳೆಂದೇ ಬರೆದರು. ಮತ್ತೆ ಕೆಲವರು ಎಲ್ಲವನ್ನೂ ಸ್ಕ್ಯಾರಬೀಡೇಯೊಳಗೇ ಇಟ್ಟರು. ಡಿಎನ್‌ಎ ಹೋಲಿಕೆಗಳು ಎರಿಕ್‌ಸನ್‌ನ ದೊಡ್ಡ ವಿಭಜನೆಯನ್ನು ಬಹುಮಟ್ಟಿಗೆ ಎತ್ತಿಹಿಡಿದವು, ಆದರೆ ಅದರೊಳಗಿನ ಗೋಡೆಗಳನ್ನು ಕೆಡವಿದವು. ಮೆಲೊಲಾಂತಿನೇ ಒಂದೇ ಮೂಲದ ಒಂದು ಕವಲಲ್ಲ, ಹಲವು ಕವಲುಗಳನ್ನು ಅನುಕೂಲಕ್ಕಾಗಿ ಒಟ್ಟಿಗೆ ಇಟ್ಟ ಗುಂಪು ಎಂಬುದು ಸ್ಪಷ್ಟವಾಗಿದೆ. ರುಟೆಲಿನೇ ಮತ್ತು ಡೈನ್ಯಾಸ್ಟಿನೇಗಳ ವಂಶಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. ಹೆಸರುಗಳು ಮುಂದೆಯೂ ಬದಲಾಗುತ್ತವೆ ಎಂದು ತಿಳಿದೇ ಕಲಿಯುವುದು ಒಳ್ಳೆಯದು. ಭಾರತದ ಪ್ರಭೇದಗಳಿಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಗಿಲ್ಬರ್ಟ್ ಆ್ಯರೋ 1910, 1917 ಮತ್ತು 1931ರಲ್ಲಿ ಹೊರತಂದ ಮೂರು ಸಂಪುಟಗಳಿಲ್ಲದೆ ಇಂದಿಗೂ ಕೆಲಸ ಸಾಗುವುದಿಲ್ಲ. ಶತಮಾನದ ಹಿಂದಿನ ಪುಸ್ತಕವೊಂದು ಇನ್ನೂ ಅನಿವಾರ್ಯವಾಗಿರುವುದು ಆ್ಯರೋ ಅವರ ಹಿರಿಮೆ ಹೌದು. ಆಮೇಲಿನವರು ಮಾಡದೆ ಬಿಟ್ಟ ಕೆಲಸದ ಅಳತೆಯೂ ಹೌದು.

ಪ್ರಶ್ನೆ: ಹಾಗಾದರೆ ಕೊಂಬು ಇದ್ದರೆ ಅದು ಡೈನ್ಯಾಸ್ಟಿನೇ ಎನ್ನಬಹುದೇ? (ಅದೇ ವಿದ್ಯಾರ್ಥಿನಿ)

ಉತ್ತರ: ಎನ್ನಲಾಗದು. ಸಗಣಿದುಂಬಿಗಳಲ್ಲೂ ಕೊಂಬಿನವು ಹೇರಳವಾಗಿವೆ. ಎರಡು ಕಡೆಯೂ ಕೊಂಬು ಬೇರೆಬೇರೆಯಾಗಿ ವಿಕಾಸಗೊಂಡಿದೆ. ಗಂಡುಗಳು ಹೆಣ್ಣಿಗಾಗಿ ಬಿಲದ ಬಾಯಲ್ಲೋ ರೆಂಬೆಯ ಮೇಲೋ ಸೆಣಸುವಂತಹ ಇಕ್ಕಟ್ಟಾದ ಜಾಗಗಳಲ್ಲಿ ಕೊಂಬು ಬಳಕೆಗೆ ಬರುತ್ತದೆ. ‘ಆಂಥೋಫೇಗಸ್’ ಎಂಬ ಸಗಣಿದುಂಬಿ ಕುಲದಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳಿದ್ದು, ಪ್ರಾಣಿಲೋಕದ ಅತಿ ದೊಡ್ಡ ಕುಲಗಳಲ್ಲಿ ಅದೂ ಒಂದು. ಅದರ ಕೆಲವು ಪ್ರಭೇದಗಳಲ್ಲಿ ಒಂದೇ ಜಾತಿಯ ಗಂಡುಗಳು ಎರಡು ಬಗೆಯಾಗಿ ಬೆಳೆಯುತ್ತವೆ. ಮರಿಯಾಗಿದ್ದಾಗ ಹೊಟ್ಟೆತುಂಬ ತಿಂದದ್ದು ಉದ್ದ ಕೊಂಬಿನೊಡನೆ ಹೊರಬಂದು ಹೆಣ್ಣಿರುವ ಸುರಂಗದ ಬಾಗಿಲು ಕಾಯುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದದ್ದಕ್ಕೆ ಕೊಂಬೇ ಬರುವುದಿಲ್ಲ, ಆದರೆ ಅದು ಪಕ್ಕದಿಂದ ಇನ್ನೊಂದು ಸುರಂಗ ತೋಡಿ ಕಾವಲುಗಾರನ ಕಣ್ಣುತಪ್ಪಿಸಿ ಹೆಣ್ಣನ್ನು ಸೇರುತ್ತದೆ. ‘ಆಂಥೋಫೇಗಸ್ ಟಾರಸ್’ ಗಂಡೊಂದು ತನ್ನ ತೂಕದ 1,141 ಪಟ್ಟು ಭಾರವನ್ನು ಎಳೆದದ್ದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಾಖಲಾಗಿದೆ. ಸುರಂಗದಲ್ಲಿ ಎದುರಾಳಿಯನ್ನು ತಳ್ಳುವ ಬದುಕಿಗೆ ಅಂತಹ ಬಲ ಬೇಕಾಗುತ್ತದೆ.

ಪ್ರಶ್ನೆ: ಸಗಣಿ ಉರುಳಿಸುವ ಹುಳು ನಮ್ಮ ಕಡೆ ಈಗ ಕಾಣುವುದು ಅಪರೂಪ. ಅದರಿಂದ ನಷ್ಟವೇನಾದರೂ ಇದೆಯೇ? (ಹುಣಸೂರಿನ ಓದುಗರು)

ಉತ್ತರ: ಸಗಣಿದುಂಬಿಗಳಲ್ಲಿ ಎಲ್ಲವೂ ಉರುಳಿಸುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ‘ಜಿಮ್ನೋಪ್ಲೂರಸ್’ ಮತ್ತು ನೀಳವಾದ ಹಿಂಗಾಲಿನ ‘ಸಿಸಿಫಸ್’ ಉಂಡೆಕಟ್ಟಿ ಉರುಳಿಸುತ್ತವೆ. ನಮ್ಮಲ್ಲಿ ಹೆಚ್ಚು ಸಂಖ್ಯೆಯಲ್ಲಿರುವ ಆಂಥೋಫೇಗಸ್, ‘ಕಾಪ್ರಿಸ್’, ‘ಕ್ಯಾಥಾರ್ಸಿಯಸ್’ ಕುಲದವು ಸಗಣಿಯ ಅಡಿಯಲ್ಲೇ ಸುರಂಗ ತೋಡಿ ಅದನ್ನು ಕೆಳಗೆ ಎಳೆದೊಯ್ಯುವುದರಿಂದ ಮೇಲೆ ನಿಂತು ನೋಡಿದವರಿಗೆ ಕಾಣಿಸುವುದಿಲ್ಲ. ಆನೆಗಳಿರುವ ಕಾಡಿನಲ್ಲಿ ಲದ್ದಿಯ ಕೆಳಗೆ ಇದೇ ಕೆಲಸ ಮಾಡುವ ‘ಹೀಲಿಯೋಕಾಪ್ರಿಸ್’ ಸುಮಾರು 5 ಸೆಂಟಿಮೀಟರ್ ಉದ್ದದ ಭಾರೀ ದುಂಬಿ. ಆದ್ದರಿಂದ ಕಾಣೆಯಾಗಿವೆ ಎಂದು ತೀರ್ಮಾನಿಸುವ ಮುನ್ನ ಹಳೆಯ ಸಗಣಿಯನ್ನು ಕೋಲಿನಿಂದ ಎತ್ತಿ ಅಡಿಯಲ್ಲಿ ತೂತುಗಳಿವೆಯೇ ಎಂದು ನೋಡಿ.

ಉರುಳಿಸುವವು ನೇರ ಗೆರೆಯಲ್ಲಿ ಓಡುವುದು ಸಗಣಿಯ ರಾಶಿಯ ಬಳಿ ಕಾದಿರುವ ಕಳ್ಳರಿಂದ ಬೇಗ ದೂರವಾಗಲು. ದಕ್ಷಿಣ ಆಫ್ರಿಕದ ‘ಸ್ಕ್ಯಾರಬೇಯಸ್ ಸ್ಯಾಟಿರಸ್’ ಚಂದ್ರನಿಲ್ಲದ ರಾತ್ರಿಯಲ್ಲಿ ಆಕಾಶಗಂಗೆಯ ಬೆಳಕಿನ ಪಟ್ಟಿಯನ್ನು ನೋಡಿ ದಿಕ್ಕು ಹಿಡಿಯುತ್ತದೆ ಎಂಬುದನ್ನು ಸ್ವೀಡನ್ನಿನ ಮೇರಿ ಡಾಕೆ ಮತ್ತು ಸಂಗಡಿಗರು 2013ರಲ್ಲಿ ತೋರಿಸಿಕೊಟ್ಟರು. ಜೊಹಾನ್ಸ್‌ಬರ್ಗಿನ ತಾರಾಲಯದೊಳಗೆ ದುಂಬಿಗಳನ್ನು ಬಿಟ್ಟು, ತಾರೆಗಳನ್ನು ನಂದಿಸಿ, ಆಕಾಶಗಂಗೆಯನ್ನು ಮಾತ್ರ ಉಳಿಸಿ ನಡೆಸಿದ ಆ ಪ್ರಯೋಗ ಅಚ್ಚುಕಟ್ಟಾದದ್ದು.

ನಷ್ಟದ ಪ್ರಶ್ನೆಗೆ ಆಸ್ಟ್ರೇಲಿಯದ ಅನುಭವ ಉತ್ತರ ಹೇಳುತ್ತದೆ. ಅಲ್ಲಿನ ಸ್ಥಳೀಯ ದುಂಬಿಗಳು ಕಾಂಗರೂಗಳ ಒಣ ಹಿಕ್ಕೆಗೆ ಒಗ್ಗಿದ್ದವು. ವಲಸಿಗರು ತಂದ ದನಗಳ ಸಗಣಿಯನ್ನು ಹೂಳುವವರಿಲ್ಲದೆ ಹುಲ್ಲುಗಾವಲಿನ ನೆಲ ಮುಚ್ಚಿಹೋಯಿತು, ನೊಣಗಳು ಮಿತಿಮೀರಿದವು. ಹಂಗೆರಿ ಮೂಲದ ಜಾರ್ಜ್ ಬೋರ್ನೆಮಿಸ್ಸಾ ಅವರ ಸಲಹೆಯಂತೆ 1960ರ ದಶಕದ ಕೊನೆಯಿಂದ ಆ ದೇಶದ ವಿಜ್ಞಾನ ಸಂಸ್ಥೆ ಹೊರಗಿನಿಂದ ದುಂಬಿಗಳನ್ನು ತರಿಸಿ ಬಿಟ್ಟಿತು. 20ಕ್ಕೂ ಹೆಚ್ಚು ಪ್ರಭೇದಗಳು ಅಲ್ಲಿ ನೆಲೆನಿಂತಿವೆ. ನಮ್ಮಲ್ಲಿ ಈ ಸೇವೆ ಬಿಟ್ಟಿಯಾಗಿ ಸಿಗುತ್ತಿದೆ. ಅದಕ್ಕೆ ಅಡ್ಡಿಯಾಗುವವುಗಳಲ್ಲಿ ಒಂದು, ದನಗಳಿಗೆ ಜಂತುನಾಶಕವಾಗಿ ಕೊಡುವ ಐವರ್‌ಮೆಕ್ಟಿನ್. ಅದು ಸಗಣಿಯೊಡನೆ ಹೊರಬಿದ್ದು, ಹಲವು ದಿನಗಳವರೆಗೆ ಅದರಲ್ಲಿ ಬೆಳೆಯುವ ದುಂಬಿ ಮರಿಗಳನ್ನು ಕೊಲ್ಲುತ್ತದೆ. ಔಷಧ ಕೊಟ್ಟ ಮೇಲೆ ಕೆಲವು ದಿನ ದನವನ್ನು ಮೇಯಲು ಬಿಡದೆ ಕೊಟ್ಟಿಗೆಯಲ್ಲೇ ಕಟ್ಟಿದರೆ ಹಾನಿ ಕಡಿಮೆಯಾಗುತ್ತದೆ.

ಪ್ರಶ್ನೆ: ಗೊಬ್ಬರದ ಗುಂಡಿಯಲ್ಲಿ ಹೆಬ್ಬೆರಳು ಗಾತ್ರದ ಗೊಣ್ಣೆಹುಳುಗಳಿವೆ. ಇವು ತೆಂಗಿಗೆ ಬೀಳುವ ಕುರುವಾಯಿಯ ಮರಿಗಳೇ? ಕೊಲ್ಲಬೇಕೇ? (ಪುತ್ತೂರಿನ ಕೃಷಿಕರು)

ಉತ್ತರ: ಗುಂಡಿಯಲ್ಲಿ ಎರಡು ಬಗೆಯವು ಇರಬಹುದು, ಬೇರ್ಪಡಿಸುವುದು ಕಷ್ಟವಲ್ಲ. ಒಂದು ಹುಳುವನ್ನು ಸಮತಟ್ಟಾದ ನೆಲದ ಮೇಲೆ ಬಿಡಿ. ಬೆನ್ನಿನ ಮೇಲೆ ಮಲಗಿ, ಕಾಲು ಮೇಲೆ ಮಾಡಿಕೊಂಡು ಸರಿದು ಹೋದರೆ ಅದು ಸಿಟೋನಿನೇ ಗುಂಪಿನ ಹೂದುಂಬಿಯ ಮರಿ. ತಲೆಯೂ ಕಾಲುಗಳೂ ಮೈಗೆ ಹೋಲಿಸಿದರೆ ಚಿಕ್ಕವು. ಅದು ಕಸವನ್ನು ತಿಂದು ಗೊಬ್ಬರ ಮಾಡುತ್ತದೆ, ಬಿಟ್ಟುಬಿಡಿ. ದೊಡ್ಡ ಗಾಢ ಕಂದು ತಲೆಯಿದ್ದು, ಪಕ್ಕಕ್ಕೆ ಮಗುಚಿಕೊಂಡು ಒದ್ದಾಡಿದರೆ ಅದು ಕುರುವಾಯಿ, ಅಂದರೆ ‘ಒರಿಕ್ಟಿಸ್ ರೈನೋಸರಸ್’ ಮರಿಯಾಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಹೆಕ್ಕಿ ನಾಶಮಾಡಬೇಕು.

ಕುರುವಾಯಿಯ ಮರಿ ತೆಂಗನ್ನು ಮುಟ್ಟುವುದಿಲ್ಲ, ಗೊಬ್ಬರದಲ್ಲೂ ಕೊಳೆತ ಕಾಂಡದಲ್ಲೂ ಬೆಳೆಯುತ್ತದೆ. ಹಾನಿ ಮಾಡುವುದು ಬೆಳೆದ ದುಂಬಿ. ಅದು ಸುಳಿಯನ್ನು ಕೊರೆದು ರಸ ಹೀರಿದ ಜಾಗ, ಗರಿ ಬಿಚ್ಚಿದಾಗ ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಆ ಗಾಯದಲ್ಲಿ ಕೆಂಪು ಮೂತಿಹುಳು ಮೊಟ್ಟೆಯಿಡುವುದು. ಗುಂಡಿಗೆ ‘ಮೆಟಾರೈಜಿಯಂ’ ಶಿಲೀಂಧ್ರ ಬೆರೆಸುವುದು, ಎಲೆಕಂಕುಳಲ್ಲಿ ಮರಳು ಸೇರಿಸಿದ ಬೇವಿನ ಹಿಂಡಿ ತುಂಬುವುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಶಿಫಾರಸು ಮಾಡುವ ಕ್ರಮಗಳು. ಈ ಕೀಟವನ್ನು ಕೊಲ್ಲುವ ವೈರಸ್ಸೊಂದನ್ನು ಅಲೋಯಿಸ್ ಹ್ಯೂಗರ್ 1963ರಲ್ಲಿ ಮಲೇಷ್ಯಾದಲ್ಲಿ ಪತ್ತೆಹಚ್ಚಿದ್ದರು. ಪೆಸಿಫಿಕ್ ದ್ವೀಪಗಳ ತೆಂಗಿನ ತೋಟಗಳು ಉಳಿದದ್ದರಲ್ಲಿ ಅದರ ಪಾಲು ದೊಡ್ಡದು.

ಪ್ರಶ್ನೆ: ಕಬ್ಬಿನ ಗೊಣ್ಣೆಹುಳುವೂ ಅಡಿಕೆಯ ಬೇರುಹುಳುವೂ ಒಂದೆಯೇ? ಔಷಧಿ ಯಾವಾಗ ಹಾಕಬೇಕು? (ಮುಧೋಳ ಮತ್ತು ಕೊಪ್ಪದ ಇಬ್ಬರು ಓದುಗರು)

ಉತ್ತರ: ಎರಡೂ ಮೆಲೊಲಾಂತಿನೇ, ಆದರೆ ಕುಲ ಬೇರೆ. ಕಬ್ಬು ಮತ್ತು ಶೇಂಗಾದಲ್ಲಿ ಮುಖ್ಯವಾದದ್ದು ‘ಹೊಲೊಟ್ರೈಕಿಯಾ ಸೆರಾಟಾ’, ಅಡಿಕೆಯಲ್ಲಿ ‘ಲ್ಯುಕೊಫೋಲಿಸ್’. ಮೊದಲನೆಯದರ ದುಂಬಿಗಳು ಮುಂಗಾರುಪೂರ್ವದ ಜೋರು ಮಳೆಯ ಬಳಿಕ ಸಂಜೆ ಮಣ್ಣಿನಿಂದೆದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಕತ್ತಲಾದ ಮೇಲೆ ಕೊಂಬೆ ಅಲ್ಲಾಡಿಸಿ ಉದುರಿಸಿ, ಊರವರೆಲ್ಲ ಸೇರಿ ಕೆಲವು ರಾತ್ರಿ ಹಿಡಿದರೆ ಆ ವರ್ಷದ ಮೊಟ್ಟೆಗಳೇ ಕಡಿಮೆಯಾಗುತ್ತವೆ. ಒಬ್ಬರೇ ತಮ್ಮ ಹೊಲದಲ್ಲಿ ಮಾಡಿದರೆ ಪ್ರಯೋಜನ ಅಲ್ಪ. ಲ್ಯುಕೊಫೋಲಿಸ್ ದುಂಬಿಗಳೂ ಮಳೆ ಹಿಡಿದ ಮೇಲೆ ಮುಸ್ಸಂಜೆಯ ಸ್ವಲ್ಪ ಹೊತ್ತು ಮಾತ್ರ ಹೊರಗಿರುತ್ತವೆ, ಆಗಲೇ ಹಿಡಿಯಬೇಕು. ಕೊಪ್ಪದ ಓದುಗರು ಬೇಸಿಗೆಯಲ್ಲಿ ಔಷಧಿ ಸುರಿದೆನೆಂದು ಬರೆದಿದ್ದಾರೆ. ಆ ಹೊತ್ತಿಗೆ ಬಲಿತ ಹುಳುಗಳು ಮಣ್ಣಿನ ಆಳಕ್ಕೆ ಇಳಿದಿರುತ್ತವೆ, ಔಷಧಿ ಅಲ್ಲಿಗೆ ತಲುಪುವುದಿಲ್ಲ. ಮೊಟ್ಟೆಯೊಡೆದು ಬಂದ ಸಣ್ಣ ಮರಿಗಳು ಮೇಲ್ಮಣ್ಣಿನ ಎಳೆಬೇರುಗಳ ನಡುವೆ ಇರುವ ಮಳೆಗಾಲದ ವಾರಗಳಲ್ಲೇ ಮೆಟಾರೈಜಿಯಂ ಆಗಲಿ ಕೀಟಗಳನ್ನು ಕೊಲ್ಲುವ ಸೂಕ್ಷ್ಮ ಜಂತುಹುಳುಗಳಾಗಲಿ ಫಲ ಕೊಡುತ್ತವೆ. ಮಣ್ಣಿನಲ್ಲಿ ತೇವವಿರುವುದೂ ಅವಕ್ಕೆ ಅಗತ್ಯ.